ಲೂಮ್ ಖಾತೆಯ ಕಿವಿಗಳು ಮತ್ತು ಡಾಕ್ಟರ ಗಡಿಯಾರ

ಸ್ವಲ್ಪ ತಾಳಿ. ಈ ಬರಹದಲ್ಲಿ ಒಂದು ಜೇಬು ಗಡಿಯಾರ ಬರುತ್ತದೆ. ಅದು ಬರುವ ತನಕ ಎದ್ದು ಹೋಗಬೇಡಿ. ನನ್ನ ಬೆರಳು ನೇರವಾಗಿ ಅಲ್ಲಿಗೇ ಓಡುತ್ತಿದೆ, ನಾನೇ ಹಿಡಿದು ನಿಲ್ಲಿಸಿದ್ದೇನೆ. ಯಾಕೆಂದರೆ ಗಡಿಯಾರದ ಟಿಕ್ ಟಿಕ್ ಎಷ್ಟು ಸಣ್ಣದು ಅಂತ ಗೊತ್ತಾಗಬೇಕಾದರೆ, ಲೂಮ್ ಖಾತೆಯ ಸದ್ದು ಎಷ್ಟು ದೊಡ್ಡದು ಅಂತ ಮೊದಲು ಗೊತ್ತಾಗಬೇಕು.

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ನಾನೇ ಕಲಿತು ಈಗ ಮೂರು ತಿಂಗಳು. ಒತ್ತಕ್ಷರ ಸಿಕ್ಕ ದಿನ ವಿನೋಬನಗರದ ನಮ್ಮ ಬೀದಿಯಲ್ಲಿ ನನ್ನಷ್ಟು ಖುಷಿಯಾದವರು ಯಾರೂ ಇರಲಿಲ್ಲ. ಈಗ ಗಿರಣಿಗೋ, ಗಾರ್ಮೆಂಟಿಗೋ ಹೊಸದಾಗಿ ಸೇರುತ್ತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನನ್ನ ಬಡ್ತಿಯ ವಿಷಯ ಬರೆಯುವುದಿಲ್ಲ, ಅದರಲ್ಲಿ ಏನೂ ಸ್ವಾರಸ್ಯವಿಲ್ಲ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಒಂದು ಬಟ್ಟೆ ಗಿರಣಿ. ನೇಯ್ಗೆ ನಡೆಯುವ ದೊಡ್ಡ ಶೆಡ್ಡಿಗೆ ನಾವು ಲೂಮ್ ಖಾತೆ ಅನ್ನುತ್ತಿದ್ದೆವು. ತಲೆಯ ಮೇಲೆ ಉದ್ದಕ್ಕೆ ತಿರುಗುವ ಶಾಫ್ಟು, ಅದರಿಂದ ಪ್ರತಿ ಮಗ್ಗಕ್ಕೂ ಇಳಿದ ಚರ್ಮದ ಬೆಲ್ಟು. ಪ್ರತಿ ಮಗ್ಗದಲ್ಲೂ ಒಂದು ಮರದ ಲಾಳಿ, ಎರಡೂ ತುದಿಗೆ ಕಬ್ಬಿಣದ ಮೂತಿ. ಅದು ಆ ಕಡೆಯಿಂದ ಈ ಕಡೆಗೆ ಪೆಟ್ಟು ತಿಂದು ಓಡುತ್ತಲೇ ಇರುತ್ತದೆ. ಒಂದು ಮಗ್ಗದ ಪೆಟ್ಟು ಅಂದರೆ ಬಾಗಿಲಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಅಂಥ ನೂರಾರು ಬಾಗಿಲು, ನೂರಾರು ಸುತ್ತಿಗೆ, ಬೆಳಿಗ್ಗೆಯಿಂದ ಪಾಳಿ ಮುಗಿಯುವ ತನಕ. ಹೊಸಬರು ಮನೆಗೆ ಹೋಗಿ ಊಟಕ್ಕೆ ಕೂತರೂ ತಟ್ಟೆಯೊಳಗೆ ಮಗ್ಗ ಓಡುತ್ತಿತ್ತು.

ಒಳಗೆ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಪ್ರಯೋಜನವಿರಲಿಲ್ಲ. ಹಾಗಾಗಿ ನಮಗೆ ಕೈಸನ್ನೆ ಇದ್ದವು, ಒಟ್ಟು ನಾಲ್ಕೇ ನಾಲ್ಕು. ಬೆರಳು ಗಾಳಿಯಲ್ಲಿ ತಿರುಗಿಸಿದರೆ 'ಜಾಬರನ್ನು ಕರೆ'. ಜಾಬರ್ ಅಂದರೆ ಮಗ್ಗ ರಿಪೇರಿ ಮಾಡುವವನು. ಎರಡೂ ಕೈಯ ಚಿಟಿಕೆ ಹಿಡಿದು ಎಳೆದರೆ 'ನೂಲು ಕಡಿಯಿತು'. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಮೀಸೆ ತಿರುವಿದರೆ 'ಮಾಸ್ತರು ಬಂದರು'. ಅಷ್ಟರಲ್ಲೇ ನಮ್ಮ ಇಡೀ ದಿನದ ಸಂಸಾರ ನಡೆಯಬೇಕು.

ನಾನು ಹದಡಿಯವನು. ದಿನಾ ಸೈಕಲ್ ತುಳಿದು ಬರುತ್ತಿದ್ದೆ. ಮೊದಲು ಎಣ್ಣೆ ಹಾಕುವ ಕೆಲಸ. ಆದರೆ ಮಗ್ಗ ಯಾಕೆ ಓಡುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವ ಹುಚ್ಚು ನನಗೆ. ಗುಜರಿಯಿಂದ ಹಳೇ ಭಾಗಗಳನ್ನು ಹುಡುಕಿ ತಂದು ಭಾನುವಾರ ಮನೆಯ ಕಟ್ಟೆಯ ಮೇಲೆ ಬಿಚ್ಚಿ ಜೋಡಿಸುತ್ತಿದ್ದೆ. ಮೊದಲ ಸಲ ಜೋಡಿಸಿದ ಮೇಲೆ ಮೂರು ಬೋಲ್ಟು ಉಳಿದವು. ಎರಡನೇ ಸಲ ಒಂದು. ಮೂರನೇ ಸಲ ಒಂದೂ ಉಳಿಯಲಿಲ್ಲ, ಆದರೆ ಅದು ತಿರುಗಲೂ ಇಲ್ಲ. ಹೀಗೆ ಕಲಿತು ಇಪ್ಪತ್ತೆರಡನೇ ವಯಸ್ಸಿಗೆ ಜಾಬರ್ ಆದೆ.

ನಮ್ಮ ನೇಯ್ಗೆ ಮಾಸ್ತರು ಶಿವಲಿಂಗಪ್ಪನವರು. ಹಣೆ ತುಂಬ ವಿಭೂತಿ, ಮುಖ ತುಂಬ ಮೀಸೆ, ಇಪ್ಪತ್ತೈದು ವರ್ಷದ ಸರ್ವೀಸು. ಅವರ ದನಿ ಎಷ್ಟು ಜೋರು ಅಂದರೆ, ಹೋಟೆಲಿನಲ್ಲಿ ಅವರು ಎರಡು ಖಾಲಿ ದೋಸೆ ಹೇಳಿದರೆ ಎದುರಿನ ಬಟ್ಟೆ ಅಂಗಡಿಯವರಿಗೂ ಗೊತ್ತಾಗುತ್ತಿತ್ತು. ಅದು ಅಧಿಕಾರದ ಗತ್ತು ಅಂತ ನಾವೆಲ್ಲ ತಿಳಿದಿದ್ದೆವು. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಹರಿಹರದಿಂದ ಅಣ್ಣ ತಂಗಿ ಬಂದು ನಿಂತರು. ಅಣ್ಣ ಬುಡೇನ್‌ಸಾಬ್, ನನ್ನದೇ ವಯಸ್ಸು. ತಂಗಿ ಮಾಬುಬಿ, ಹದಿನೆಂಟರ ಹುಡುಗಿ, ಮಾತು ಮಾತ್ರ ನಲವತ್ತರದು. ಪಿಂಜಾರರ ಮನೆಯವರು. ಅಪ್ಪ ಹಳ್ಳಿ ಹಳ್ಳಿಗೆ ಹೋಗಿ ಬಿಲ್ಲಿನಿಂದ ಹತ್ತಿ ಹಿಂಜಿ ಹಾಸಿಗೆ ಮಾಡಿಕೊಡುತ್ತಿದ್ದವರು, ಈಗ ಹೆಗಲು ಹೋಗಿ ಮನೆಯಲ್ಲಿದ್ದರು.

"ಸಾಹೇಬ್ರೆ, ನಮ್ಮಣ್ಣಗೆ ಒಂದು ಕೆಲ್ಸ ಕೊಡ್ರಿ" ಅಂದಳು ಮಾಬುಬಿ.

"ಅವ್ನೇ ಕೇಳ್ಲಿ. ಅವ್ನಿಗೇನು ಬಾಯಿಲ್ಲೇನು?" ಅಂದರು ಮಾಸ್ತರು.

"ಬಾಯಿ ಐತ್ರಿ, ಮಾತಿಲ್ಲ. ಕಿವಿನೂ ಕೇಳ್ಸಲ್ರಿ. ಹುಟ್ಟಿದಾಗ್ಲಿಂದ ಹಂಗೇ."

"ಅಯ್ಯೋ ಪಾಪ! ಕಿವಿ ಕೇಳ್ದೋನು ಇಲ್ಲೇನ್ ಮಾಡ್ತಾನಮ್ಮಾ?"

ಮಾಬುಬಿ ಒಳಗಿನ ಮಗ್ಗಗಳ ಕಡೆ ಕೈ ಮಾಡಿದಳು. "ಒಳಗೆ ನಿಂತೋರಿಗೆ ಏನ್ ಕೇಳಿಸ್ತೈತ್ರಿ ಸಾಹೇಬ್ರೆ? ಬಾಗ್ಲಾಗೆ ನಿಂತ ನನಗೇ ನಿಮ್ಮ ಮಾತು ಅರ್ಧ ಕೇಳಿಸ್ತಿಲ್ಲ."

ಮಾಸ್ತರು ಅವಳ ಮುಖವನ್ನೇ ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಏ ಬಸ್ಯಾ, ಬದಲಿ ಲೆಕ್ಕದಾಗೆ ತಗೊಂಡು ನಿನ್ನ ಸಾಲಿಗೆ ಹಾಕ್ಕೊ" ಅಂದರು. ಬಸ್ಯಾ ಅಂದರೆ ನಾನು, ಬಸವರಾಜ. ಬದಲಿ ಅಂದರೆ ಕಾಯಂ ಕೆಲಸಗಾರ ಬರದ ದಿನ ಅವನ ಜಾಗಕ್ಕೆ ನಿಲ್ಲುವವನು.

ಅವತ್ತು ನಾನು ಬುಡೇನನಿಗೆ ಮಗ್ಗ ತೋರಿಸುತ್ತಿರುವಾಗ ಪ್ಯಾಂಟಿನ ಜೇಬಲ್ಲಿಟ್ಟುಕೊಂಡಿದ್ದ ಎಣ್ಣೆ ಡಬ್ಬಿ ಸೋರಿ ತೊಡೆಯುದ್ದಕ್ಕೂ ಕಪ್ಪು ನದಿ ಹರಿದಿತ್ತು. ಬುಡೇನ ನೋಡಿದ, ತನ್ನ ಬಲತೊಡೆಗೆ ಪಟ್ ಅಂತ ಒಂದು ಬಡಿದ, ನನ್ನ ಕಡೆ ಬೆರಳು ತೋರಿಸಿದ. ಅದೇ ನನ್ನ ಹೆಸರು! ಸಂಜೆಯೊಳಗೆ ಇಡೀ ಖಾತೆಯಲ್ಲಿ ಯಾರಿಗೆ ಜಾಬರ್ ಬೇಕಾದರೂ ತೊಡೆ ಬಡಿಯತೊಡಗಿದರು. ಪ್ಯಾಂಟು ಒಗೆದರೂ ಹೆಸರು ಹೋಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ! ಒಂದು ತಿಂಗಳಲ್ಲಿ ಎಲ್ಲರಿಗೂ ಹೆಸರಾಯಿತು. ನಾಲ್ಕಿದ್ದ ಸನ್ನೆ ನಲವತ್ತಾದವು, ಆಮೇಲೆ ನಾನು ಎಣಿಸಲಿಲ್ಲ. ನಾಲಿಗೆ ಚಾಚಿ ಕೈಯಲ್ಲಿ ಗಾಳಿ ಬೀಸಿಕೊಂಡರೆ ಮಂಡಕ್ಕಿ ಜೊತೆಗೆ ಮಿರ್ಚಿ. ನಿನ್ನೆ, ನಾಳೆ, ಸಾಲ, ಸುಳ್ಳು, ನಾನಲ್ಲ ಅವನು, ನಂಬಬೇಡ, ಹೆಂಡತಿ ಸಿಟ್ಟಾಗಿದ್ದಾಳೆ, ಎಲ್ಲಕ್ಕೂ ಕೈ ಇತ್ತು. ಬುಡೇನ ತನ್ನ ಮನೆಯಲ್ಲಿ ಅವ್ವ ತಂಗಿಯ ಜೊತೆ ಇಪ್ಪತ್ತೆರಡು ವರ್ಷ ಕಟ್ಟಿದ್ದ ಭಾಷೆಯನ್ನು ತಂದು ನಮ್ಮ ಮುಂದೆ ಸುರಿದುಬಿಟ್ಟ. ಹನ್ನೊಂದು ವರ್ಷ ಪಕ್ಕ ಪಕ್ಕದ ಮಗ್ಗದಲ್ಲಿ ನಿಂತು ಒಂದು ಮಾತೂ ಆಡದಿದ್ದ ಇಬ್ಬರು ಹಿರಿಯ ನೇಕಾರರು ಆ ವರ್ಷ ಮೊದಲ ಸಲ ಪಾಳಿಯ ನಡುವೆಯೇ ಜಗಳವಾಡಿದರು. ನಾನು ಕಣ್ಣಾರೆ ಕಂಡೆ. ಎಂಥ ಸೊಗಸಾದ ಜಗಳ! ಮಗ್ಗ ನಿಲ್ಲಲಿಲ್ಲ, ನೂಲು ಕಡಿಯಲಿಲ್ಲ, ಇಬ್ಬರೂ ಬೈದುಕೊಂಡು ಸುಸ್ತಾಗಿ ಒಟ್ಟಿಗೆ ಚಹಾಕ್ಕೆ ಹೋದರು.

'ಮಾತಿಲ್ಲದ ಪಾಪದವನು' ಅಂತ ನಾವು ಒಳಗೆ ಬಿಟ್ಟುಕೊಂಡವನು ಅವನು. ದಿನಕ್ಕೆ ಎಂಟು ಗಂಟೆ ಮಾತಿಲ್ಲದೆ ಬದುಕುತ್ತಿದ್ದವರು ಯಾರು ಅಂತ ಅವನು ಬಂದ ಮೇಲೇ ನಮಗೆ ಗೊತ್ತಾಗಿದ್ದು.

ಹಾಗಂತ ಅವನು ದೇವರಂಥವನು ಅಂದುಕೊಳ್ಳಬೇಡಿ. ನೂಲಿನ ಗಂಟು ಹಾಕುವುದರಲ್ಲಿ ಮೊದಮೊದಲು ನಿಧಾನ. ಸಿಟ್ಟು ಮೂಗಿನ ತುದಿಯಲ್ಲಿ. ಚಾಡಿ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಜೊತೆಗೆ ಸುಳ್ಳು. ಹರಿಹರದಲ್ಲಿ ತುಂಗಭದ್ರೆಯಲ್ಲಿ ತಾನು ಹಿಡಿದ ಮೀನಿನ ಕಥೆಯನ್ನು ವಾರಕ್ಕೊಮ್ಮೆ ಹೇಳುತ್ತಿದ್ದ. ಮೊದಲ ವಾರ ಒಂದು ಗೇಣಿತ್ತು, ದೀಪಾವಳಿಯ ಹೊತ್ತಿಗೆ ಎರಡೂ ತೋಳು ಚಾಚಿದರೂ ಸಾಲದಾಯಿತು. ಬಾಯಲ್ಲಿ ಹೇಳುವ ಸುಳ್ಳು ಮರೆತುಹೋಗುತ್ತದೆ. ಕೈಯಲ್ಲಿ ಹೇಳುವ ಮೀನಿನ ಉದ್ದ ಎಲ್ಲರ ಕಣ್ಣಲ್ಲಿ ಉಳಿಯುತ್ತದೆ!

ಕೆಲಸದಲ್ಲಿ ಒಂದು ಅಭ್ಯಾಸ ನಾನು ಅವನಿಂದ ಕಲಿತೆ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಅಪ್ಪನ ಹಿಂಜುವ ಬಿಲ್ಲಿನ ಮೇಲೆ ಚಿಕ್ಕಂದಿನಿಂದ ಕೈ ಇಟ್ಟು ಬೆಳೆದವನು. ಪೆಟ್ಟಿನ ಅದುರು ಸ್ವಲ್ಪ ಬೇರೆಯಾದರೂ ನನ್ನ ಕಡೆ ತೊಡೆ ಬಡಿಯುತ್ತಿದ್ದ. ಹತ್ತಕ್ಕೆ ಏಳು ಸಲ ಸರಿ, ಮೂರು ಸಲ ಸುಮ್ಮನೆ ನನ್ನನ್ನು ಓಡಿಸಿ ಮಜಾ ತೆಗೆದುಕೊಳ್ಳುತ್ತಿದ್ದ. ಹೊಸಬರೇ, ಯಂತ್ರವನ್ನು ಕೈಯಿಂದ ಮುಟ್ಟಿ ನೋಡುವುದನ್ನು ಕಲಿಯಿರಿ, ಮೊದಲು ಬೆಲ್ಟು ಎಲ್ಲಿದೆ ಅಂತ ನೋಡಿಕೊಂಡು.

ಒಂದೂವರೆ ವರ್ಷವಾಯಿತು. ಕಾಯಂ ಮಾಡುವವರ ಪಟ್ಟಿಯಲ್ಲಿ ಬುಡೇನನ ಹೆಸರು ಬಂತು. ಅದೇ ಹೊತ್ತಿಗೆ ಹೊಸ ಮ್ಯಾನೇಜರು ಬಂದರು, ಜೊತೆಗೆ ಹೊಸ ನಿಯಮ. ಕಾಯಂ ಆಗುವ ಮೊದಲು ಗಿರಣಿಯ ಡಾಕ್ಟರಿಂದ ಕಣ್ಣು, ಎದೆ, ಕಿವಿ ಪರೀಕ್ಷೆ ಆಗಬೇಕು. ಪಾಸಾಗದಿದ್ದರೆ ಬದಲಿ ಕೆಲಸವೂ ಇಲ್ಲ, ಗೇಟಿನ ಹೊರಗೆ. ಅಂದರೆ ಬುಡೇನನಿಗೆ ಕೆಲಸವೇ ಹೋಗುವ ಹಾಗಾಯಿತು. ಹರಿಹರದಲ್ಲಿ ನಾಲ್ಕು ಜನ ಅವನ ದುಡಿಮೆಯನ್ನೇ ನಂಬಿದ್ದರು.

ಇಲ್ಲಿ ನನ್ನ ಮಹಾ ತಪ್ಪು ಬರುತ್ತದೆ. ಗಡಿಯಾರವೂ ಬರುತ್ತದೆ, ನೆಟ್ಟಗೆ ಕೂತುಕೊಳ್ಳಿ.

ಕಿವಿ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಡಾಕ್ಟರ ಕಂಪೌಂಡರನ್ನು ಕೇಳಿ ತಿಳಿದುಕೊಂಡೆ. ಡಾಕ್ಟರು ಸ್ಟೂಲಿನ ಮೇಲೆ ಕೂರಿಸಿ ಹಿಂದೆ ನಿಲ್ಲುತ್ತಾರೆ. ಜೇಬು ಗಡಿಯಾರವನ್ನು ದೂರದಿಂದ ಕಿವಿಯ ಹತ್ತಿರಕ್ಕೆ ತರುತ್ತಾರೆ. ಟಿಕ್ ಟಿಕ್ ಕೇಳಿದ ಕೂಡಲೇ ಕೂತವನು ಕೈ ಎತ್ತಬೇಕು. ಅಷ್ಟೇ! ನನ್ನ ತಲೆ ಮಗ್ಗದ ಹಾಗೆ ಓಡಿತು. ನಾನು ಹಾಜರಿ ಪುಸ್ತಕ ಹಿಡಿದು ಎದುರಿಗೆ ನಿಲ್ಲುವುದು, ಗಡಿಯಾರ ಹತ್ತಿರ ಬಂದಾಗ ಕಣ್ಣು ಮಿಟುಕಿಸುವುದು, ಅವನು ಕೈ ಎತ್ತುವುದು. ಬುಡೇನನಿಗೆ ಹೇಳಿದೆ. ಅವನು ಬೇಡ ಬೇಡ ಅಂತ ಕೈಯಾಡಿಸಿದ. ನಾನು ಬಿಡಲಿಲ್ಲ, ಎರಡು ದಿನ ಅಭ್ಯಾಸ ಮಾಡಿಸಿದೆ.

ಪರೀಕ್ಷೆಯ ದಿನ ಎಡಗಿವಿ ಪಾಸು. ಬಲಗಿವಿಯೂ ಪಾಸು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಡಾಕ್ಟರು ವಯಸ್ಸಾದವರು, ನಮ್ಮಂಥವರನ್ನು ಬಹಳ ಕಂಡವರು. "ಇನ್ನೊಂದ್ಸಲ" ಅಂದು ಮುಷ್ಟಿಯನ್ನು ನಿಧಾನಕ್ಕೆ ಕಿವಿಯ ಹತ್ತಿರ ತಂದರು. ನಾನು ಕಣ್ಣು ಮಿಟುಕಿಸಿದೆ. ಬುಡೇನ ಕೈ ಎತ್ತಿದ.

ಡಾಕ್ಟರು ಮುಷ್ಟಿ ಬಿಚ್ಚಿದರು. ಖಾಲಿ! ಗಡಿಯಾರ ಮೇಜಿನ ಮೇಲಿತ್ತು.

"ಏನಪ್ಪಾ ಜಾಬರ್, ನಿನ್ನ ಕಣ್ಣಿಗೇನಾರ ಧೂಳು ಬಿತ್ತಾ?" ಅಂದರು ಡಾಕ್ಟರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಹೊರಗೆ ಬಂದ ಮೇಲೆ ಬುಡೇನ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಅವನ ಕೈ ಅಷ್ಟು ಜೋರಾಗಿ ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬಾಯಿಮಾತಿಗೆ ಇಳಿಸಿದರೆ ಇಷ್ಟು: 'ನೀನು ನನ್ನ ಕಿವಿಯನ್ನು ತೋರಿಸೋಕೆ ಹೋದೆ. ನನಗೆ ಕಿವಿ ಇಲ್ಲ. ನನ್ನ ಬಟ್ಟೆ ತೋರಿಸಬೇಕಿತ್ತು. ನಾನು ನೇಯ್ದದ್ದನ್ನು ಹಾಸಿ ತೋರಿಸಬೇಕಿತ್ತು. ಕಿವಿ ಇದ್ದರೇ ಮನುಷ್ಯ ಅಂತ ನೀನೂ ಅಂದುಕೊಂಡಿದ್ದೀಯಾ?'

ನಲವತ್ತು ಸನ್ನೆ ಕಲಿತಿದ್ದೆ, ಒಂದೂ ನೆನಪಾಗಲಿಲ್ಲ. ಅವತ್ತಿನಿಂದ ಅವನು ನನ್ನನ್ನು ತೊಡೆ ಬಡಿದು ಕರೆಯಲಿಲ್ಲ. ಬೆರಳು ತಿರುಗಿಸಿ, ಯಾರೋ ಒಬ್ಬ ಜಾಬರನ್ನು ಕರೆದ ಹಾಗೆ ಕರೆದ. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮ್ಯಾನೇಜರಿಗೆ ವಿಷಯ ಗೊತ್ತಾಗದೆ ಇರುತ್ತದೆಯೇ? ನನ್ನನ್ನೂ ಮಾಸ್ತರನ್ನೂ ಕರೆಸಿದರು. "ಈ ಜಾಬರ್ ಇನ್ನೂ ಎಷ್ಟು ಕಿವುಡರನ್ನ ಒಳಗೆ ಸೇರಿಸಿದ್ದಾನೋ ಏನೋ! ಆ ಹರಿಹರದವನ ತೀರ್ಮಾನ ಆಮೇಲೆ. ಮೊದಲು ಇಡೀ ಲೂಮ್ ಖಾತೆಗೆ ಪರೀಕ್ಷೆ ಆಗಲಿ, ಒಬ್ಬರನ್ನೂ ಬಿಡಬೇಡಿ" ಅಂದರು. ನನ್ನ ಬುದ್ಧಿವಂತಿಕೆಯಿಂದ ಎಲ್ಲರಿಗೂ ಸ್ಟೂಲು ಬಂತು.

ಮರುವಾರ ಪಾಳಿ ಬಿಟ್ಟ ಮೇಲೆ ಗೋದಾಮಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತರು. ಕಿಟಕಿಯ ಹೊರಗೆ ಬುಡೇನ ನಿಂತು ನೋಡುತ್ತಿದ್ದ. ಜನ ಹಿಂಜರಿಯುತ್ತಿದ್ದರು, ಕೆಲಸ ಹೋಗುತ್ತದೆ ಅನ್ನುವ ಭಯ. ಶಿವಲಿಂಗಪ್ಪನವರಿಗೆ ಸಿಟ್ಟು ಬಂತು.

"ಏನ್ರಲೇ, ಒಂದು ಗಡಿಯಾರಕ್ಕೆ ಹಿಂಗೆ ಹೆದರ್ತೀರಲ್ಲ! ನೋಡ್ರಿ ಇಲ್ಲಿ, ನಾನೇ ಮೊದ್ಲು ಕೂಡ್ತೀನಿ. ಹಿಡೀರಿ ಡಾಕ್ಟ್ರೇ" ಅಂದು ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತರು.

ಡಾಕ್ಟರು ಹಿಂದೆ ನಿಂತು ಗಡಿಯಾರವನ್ನು ದೂರದಿಂದ ತಂದರು. ಒಂದು ಮೊಳ. ಒಂದು ಗೇಣು. ನಾಲ್ಕು ಬೆರಳು. ಮಾಸ್ತರು ನಗುತ್ತಾ ನಮ್ಮನ್ನೇ ನೋಡುತ್ತಿದ್ದರು. ಗಡಿಯಾರ ಕಿವಿಗೆ ತಾಗುವಷ್ಟು ಹತ್ತಿರ ಬಂತು.

"ಡಾಕ್ಟ್ರೇ, ಗಡಿಯಾರ ಯಾವಾಗ ತರ್ತೀರಿ? ನನಗೆ ಮನಿಗೆ ಹೋಗ್ಬೇಕು" ಅಂದರು ಮಾಸ್ತರು.

ಡಾಕ್ಟರು ಮುಂದೆ ಬಂದು, ಅಂಗೈಯಲ್ಲಿ ಗಡಿಯಾರ ಹಿಡಿದು ತೋರಿಸಿದರು. ಅದು ಓಡುತ್ತಿತ್ತು. ಮಾಸ್ತರು ಅದನ್ನು ತೆಗೆದುಕೊಂಡು ತಾವೇ ಎಡಗಿವಿಗೆ ಹಿಡಿದರು, ಬಲಗಿವಿಗೆ ಹಿಡಿದರು, ಅಲುಗಾಡಿಸಿದರು, ಮತ್ತೆ ಹಿಡಿದರು. ಅವರ ಮೀಸೆ ಸಣ್ಣಗಾದ ಹಾಗೆ ಕಂಡಿತು.

ಆಗ ಬುಡೇನ ಬಾಗಿಲಿನಿಂದ ನೇರ ಒಳಗೆ ಬಂದ. ಮಾಸ್ತರ ಎದುರಿಗೆ ಕುಕ್ಕರಗಾಲಲ್ಲಿ ಕೂತ. ತನ್ನ ಕಿವಿಯ ಮೇಲೆ ಅಂಗೈ ಇಟ್ಟ, ಮಾಸ್ತರ ಕಡೆ ತೋರಿಸಿದ. ಆಮೇಲೆ ಎರಡೂ ಕೈ ಚಾಚಿ, ಮನೆಗೆ ಬಂದ ನೆಂಟರಿಗೆ ಹೇಳುತ್ತಾರಲ್ಲ, ಹಾಗೆ 'ಬರ್ರಿ, ಬರ್ರಿ' ಅಂದ. ಜೊತೆಗೆ ಹೆಬ್ಬೆರಳು ಬಾಯಿಗೆ: 'ಚಹಾ ಕುಡೀತೀರಾ?'

ಮಾಸ್ತರು ಒಂದು ನಿಮಿಷ ಅವನ ಕೈಗಳನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಗೋದಾಮು ಅದುರುವ ಹಾಗೆ! "ಮಗನೇ, ನಿನಗೆ ಮೊದ್ಲೇ ಗೊತ್ತಿತ್ತೇನಲೇ?"

ಬುಡೇನ ತನ್ನ ತುಟಿ ಮುಟ್ಟಿ ತೋರಿಸಿದ, ಕಣ್ಣು ಮುಟ್ಟಿ ತೋರಿಸಿದ. ಅವನು ಹೇಳಿದ್ದು ನನಗೆ ಅರ್ಥವಾಯಿತು: 'ಮಾತಾಡುವವರ ತುಟಿಯನ್ನು ಇವರು ನೋಡುತ್ತಾರೆ, ಮೊದಲ ದಿನ ನನ್ನ ತಂಗಿ ಮಾತಾಡಿದಾಗಲೇ ನನಗೆ ತಿಳಿಯಿತು.' ಒಂದೂವರೆ ವರ್ಷ ಚಾಡಿಕೋರ ಬುಡೇನ ಈ ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಉಳಿದವರೂ ಒಬ್ಬೊಬ್ಬರಾಗಿ ಕೂತರು. ಹೊಸಬರು ಪಾಸು. ಹತ್ತು ವರ್ಷ ದಾಟಿದವರಲ್ಲಿ ಬಹಳ ಜನ ಕೈ ಎತ್ತಲೇ ಇಲ್ಲ. ಸನ್ನೆಯಲ್ಲಿ ಜಗಳವಾಡಿದ ಆ ಇಬ್ಬರು ಹಿರಿಯರು ಫೇಲು. ಒಳ್ಳೆಯ ಬಟ್ಟೆ ಯಾರ ಮಗ್ಗದಿಂದ ಬರುತ್ತಿತ್ತೋ ಅವರೆಲ್ಲ ಫೇಲು. ಡಾಕ್ಟರು ಪಟ್ಟಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟರು. ಜೊತೆಗೆ ಮಾಸ್ತರು ಒಂದು ಸುರುಳಿ ಬಟ್ಟೆ ಇಟ್ಟರು. ಅವತ್ತಾದರೂ ನನಗೆ ಬುದ್ಧಿ ಬಂದಿತ್ತು, ಅದನ್ನು ಬುಡೇನನ ಮಗ್ಗದಿಂದ ಹೊತ್ತು ತಂದವನು ನಾನೇ.

"ಸಾಹೇಬ್ರೆ, ಈ ಪಟ್ಟಿಯೋರ್ನೆಲ್ಲ ಹೊರಗೆ ಹಾಕಿದ್ರೆ ನಾಳೆ ಮಗ್ಗ ಓಡಲ್ಲ" ಅಂದರು ಮಾಸ್ತರು. "ಮೊದ್ಲು ನನ್ನ ಹೆಸರೈತೆ, ನೋಡ್ರಿ. ಈ ಬಟ್ಟೆ ನೇಯ್ದೋನು ಹುಟ್ಟು ಕಿವುಡ. ನಾವು ನಿಮ್ಮ ಮಗ್ಗದಿಂದ ಕಿವುಡರಾದೋರು. ಬಟ್ಟೆ ನೋಡಿ ಹೇಳ್ರಿ, ಇದಕ್ಕೆ ಕಿವಿ ಎಲ್ಲಿ ಬೇಕಿತ್ತು ಅಂತ."

ಮ್ಯಾನೇಜರು ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ, ನಿಯಮದವರು. ಕೊನೆಗೆ ಲೂಮ್ ಖಾತೆಯ ಮಟ್ಟಿಗೆ ಕಿವಿಯ ಕಾಲಂ ಖಾಲಿ ಬಿಡಿ ಅಂದರು. ಬುಡೇನ ಕಾಯಂ ಆದ. ಸಂಜೆ ಮಂಡಕ್ಕಿ ಮಿರ್ಚಿ ಅವನದೇ. ಆವತ್ತು ಶೆಡ್ಡಿನ ಆ ಕೊನೆಯಿಂದ ನನ್ನ ಕಡೆ ನೋಡಿ ಬಲತೊಡೆಗೆ ಪಟ್ ಅಂತ ಬಡಿದ. ನನ್ನ ಹೆಸರು ನನಗೆ ವಾಪಸ್ ಬಂತು.

ಶಿವಲಿಂಗಪ್ಪನವರು ನಿವೃತ್ತರಾಗುವ ಹೊತ್ತಿಗೆ ಬುಡೇನನ ಕೈಭಾಷೆಯನ್ನು ನಮಗಿಂತ ಚೆನ್ನಾಗಿ ಕಲಿತಿದ್ದರು. ಹೋಟೆಲಿನಲ್ಲಿ ದೋಸೆಯನ್ನೂ ಕೈಯಲ್ಲೇ ಹೇಳತೊಡಗಿದ್ದರು. ಎದುರಿನ ಬಟ್ಟೆ ಅಂಗಡಿಯವರಿಗೆ ಬೇಜಾರಾಗಿರಬೇಕು.

ಹೊಸಬರಿಗೆ ಒಂದು ಮಾತು. ನಾವು ಹತ್ತಿಯ ಬೆಟ್ಟದ ನಡುವೆ ಕೆಲಸ ಮಾಡಿದೆವು. ತಲೆಯ ಮೇಲೆ ಹತ್ತಿ, ಹುಬ್ಬಿನ ಮೇಲೆ ಹತ್ತಿ, ಚಹಾದಲ್ಲೂ ಹತ್ತಿ. ಒಂದು ಚಿಟಿಕೆ ತೆಗೆದು ಕಿವಿಗೆ ಇಟ್ಟುಕೊಳ್ಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ! ಈಗ ನಿಮಗೆ ಕಿವಿಗೆ ಹಾಕಿಕೊಳ್ಳಲು ಬಿರಡೆ ಕೊಡುತ್ತಾರಂತೆ. ನಾಚಿಕೆ ಬಿಟ್ಟು ಹಾಕಿಕೊಳ್ಳಿ. ಹಾಕಿಕೊಂಡ ಮೇಲೆ ಪಕ್ಕದವರ ಕೈ ನೋಡುವುದನ್ನೂ ಕಲಿಯಿರಿ.

ನನ್ನ ಕಿವಿಯೂ ಈಗ ಹೋಗಿದೆ. ಗಿರಣಿಯೂ ಇಲ್ಲ, ಬುಡೇನನೂ ಇಲ್ಲ. ಹೋದ ವರ್ಷ ಒಂದು ಮದುವೆಗೆ ಹರಿಹರಕ್ಕೆ ಹೋದಾಗ ಅವನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಮಾಬುಬಿ ಕೂತಿದ್ದಳು, ತಲೆಯೆಲ್ಲ ಬೆಳ್ಳಗೆ. ನಾನು ಹೆಸರು ಹೇಳಿದೆ. ಅವಳು ಏನೋ ಕೇಳಿದಳು, ನನಗೆ ಕೇಳಿಸಲಿಲ್ಲ. ಮತ್ತೆ ಹೆಸರು ಹೇಳಿದೆ, ಅವಳಿಗೆ ಗುರುತು ಹತ್ತಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಕೋಲನ್ನು ಗೋಡೆಗೆ ಒರಗಿಸಿ, ಬಲತೊಡೆಗೆ ಪಟ್ ಅಂತ ಬಡಿದೆ.

ಮಾಬುಬಿಯ ಮುಖ ಅರಳಿತು. ಅವಳೂ ತನ್ನ ತೊಡೆಗೆ ಬಡಿದಳು, ಒಳಗಿನವರ ಕಡೆ ತಿರುಗಿ ಮತ್ತೆ ಬಡಿದಳು. ಒಳಗಿನಿಂದ ಸೊಸೆಯಂದಿರು, ಮೊಮ್ಮಕ್ಕಳು ಬಂದರು. ನಾನು ಒಬ್ಬರನ್ನೂ ಅದುವರೆಗೆ ಕಂಡವನಲ್ಲ. ಎಲ್ಲರೂ ನನ್ನ ಕಡೆ ನೋಡಿ ತೊಡೆ ಬಡಿದು ನಗತೊಡಗಿದರು. ಮಾಬುಬಿ ಎರಡೂ ಕೈ ಚಾಚಿ 'ಬರ್ರಿ, ಬರ್ರಿ' ಅಂದಳು, ಹೆಬ್ಬೆರಳನ್ನು ಬಾಯಿಗೆ ಒಯ್ದಳು. ಎರಡು ಗಂಟೆ ಮಾತಾಡಿದೆವು, ಮೀನಿನ ಕಥೆಯೂ ಬಂತು. ಅವರ ಮನೆಯಲ್ಲಿ ಅದು ಈಗ ಬಾಗಿಲಿನಷ್ಟು ಉದ್ದವಾಗಿದೆ.

ಗಿರಣಿಯಲ್ಲಿ, ಕಾರ್ಖಾನೆಯಲ್ಲಿ, ಇನ್ನೆಲ್ಲಾದರೂ ಸದ್ದಿನ ನಡುವೆ ದುಡಿದವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ನಿಮ್ಮಲ್ಲಿ ಚಹಾಕ್ಕೆ ಯಾವ ಸನ್ನೆ ಇತ್ತು, ಸಾಹೇಬರಿಗೆ ಯಾವುದು, ಅದನ್ನು ನಿಮಗೆ ಕಲಿಸಿದವರು ಯಾರು? ನಿಮ್ಮ ಮನೆಯಲ್ಲಿ ಬುಡೇನನಂಥವರು ಇದ್ದರೆ ಅವರು ನಿಮಗೆ ಇಟ್ಟ ಹೆಸರು ಏನು? ಬರೆದು ಕಳಿಸಿ. ದಯವಿಟ್ಟು ಫೋನ್ ಮಾಡಬೇಡಿ, ನನಗೆ ಕೇಳಿಸುವುದಿಲ್ಲ.